ಮಲಾವಿಯ ವಾಷರ್ ಮತ್ತು ನಮ್ಮ ವಾರ್ಡು

ಕೆಲವರು ಲೋಕವನ್ನೇ ಬದಲಾಯಿಸಬೇಕೆಂದು ಹೊರಡುತ್ತಾರೆ. ಅಂಥವರ ಬಗ್ಗೆ ನನಗೆ ಗೌರವವಿದೆ, ಸ್ವಲ್ಪ ಭಯವೂ ಇದೆ. ನಾನು ಹೊರಟಿದ್ದು ಅಷ್ಟು ದೊಡ್ಡದಕ್ಕಲ್ಲ. ನಮ್ಮ ಸರ್ಕಾರ ಬೇರೆ ದೇಶಗಳಿಗೆ ಕೊಡುವ ನೆರವಿನ ನಿಯಮದಲ್ಲಿ ಒಂದು ಎಂದಿರುವ ಕಡೆ ಐದು ಎಂದು ಮಾಡಿಸಬೇಕು, ಅಷ್ಟೇ ನನ್ನ ಗುರಿ. ಒಂದೇ ಒಂದು ಅಂಕಿ. ಒಂದು ಸಂಜೆಯ ಕೆಲಸ ಎಂದು ದಿನಚರಿಯಲ್ಲಿ ಬರೆದುಕೊಂಡೆ. ನನ್ನ ಸ್ವಭಾವವೇ ಹಾಗೆ. ಯಾವ ಕೆಲಸವೇ ಇರಲಿ, ತಾರೀಕು ಹಾಕಿ, ಎಷ್ಟು ಹೊತ್ತು ಹಿಡಿಯಬಹುದೆಂದು ಅಂದಾಜು ಬರೆದು, ಮುಗಿದ ಮೇಲೆ ನಿಜವಾಗಿ ಹಿಡಿದ ಹೊತ್ತನ್ನು ಪಕ್ಕದಲ್ಲಿ ಬರೆಯುತ್ತೇನೆ. ದೋಸೆಹಿಟ್ಟು ರುಬ್ಬುವುದರಿಂದ ಹಿಡಿದು ಜಾಲಹಳ್ಳಿ ಕ್ರಾಸ್ ದಾಟುವುದರವರೆಗೆ ಎಲ್ಲಕ್ಕೂ ಲೆಕ್ಕವಿದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಮುಗಿಸಲು ಸರಾಸರಿ ಎಷ್ಟು ನಿಮಿಷ ತೆಗೆದುಕೊಂಡರು ಎಂಬುದನ್ನೂ ಬರೆದಿಟ್ಟಿದ್ದೆ. ಅಮ್ಮ ಆ ಪುಟವನ್ನು ಹರಿದು ಹಾಕಿದರು. ಬೇರೆ ಕಡೆ ನಕಲು ಇದೆ ಎಂಬುದು ಅವರಿಗೆ ಗೊತ್ತಿಲ್ಲ.

ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನಾವು ತಯಾರಿಸುವುದು ಬೋರ್‌ವೆಲ್ ಕೈಪಂಪಿನ ರಬ್ಬರ್ ವಾಷರ್. ಸಣ್ಣ ಬಟ್ಟಲಿನ ಆಕಾರದ ಈ ಕಪ್ಪು ವಸ್ತು ಪಂಪಿನ ಕೊಳವೆಯೊಳಗೆ ಆಳದಲ್ಲಿ ಕೂತು, ನಾವು ಹಿಡಿ ಒತ್ತಿದಾಗಲೆಲ್ಲ ನೀರನ್ನು ಮೇಲಕ್ಕೆ ಎತ್ತುತ್ತದೆ. ಅದು ಸವೆದರೆ ಪಂಪು ನೋಡಲು ಹಾಗೆಯೇ ಇರುತ್ತದೆ, ಹಿಡಿಯೂ ಆಡುತ್ತದೆ, ನೀರು ಮಾತ್ರ ಬರುವುದಿಲ್ಲ. "ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದವರಿಗೆ ಇದನ್ನೆಲ್ಲ ವಿವರಿಸಿದರೆ, "ಓಹೋ, ಸಾಫ್ಟ್‌ವೇರ್ ಅಲ್ವಾ?" ಎಂದು ಮಾತು ಬದಲಿಸುತ್ತಾರೆ. ಆ ಬೇಸರದಲ್ಲಿದ್ದ ನನಗೆ ವಾಷರ್ ಎಂದರೆ ಕಣ್ಣರಳಿಸುವ ಒಬ್ಬಳು ಸಿಕ್ಕಿದ್ದು ಈ ವರ್ಷ. ಅವಳ ಹೆಸರು ಥೋಕೊ, ಊರು ಆಫ್ರಿಕಾದ ಮಲಾವಿ. ಅಲ್ಲಿ ಒಂದಷ್ಟು ಹಳ್ಳಿಗಳ ಕೈಪಂಪುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಸರ್ಕಾರದ ತರಬೇತಿ ಯೋಜನೆಯಲ್ಲಿ ನಮ್ಮ ಕಾರ್ಖಾನೆಗೆ ಬಂದಿದ್ದಳು. ನಮ್ಮ ಬೀದಿಯ ಜಯಮ್ಮನವರ ಮನೆಯ ಮಹಡಿಯ ಕೋಣೆಯಲ್ಲಿ ಅವಳ ವಾಸ. ಈ ಪ್ರದೇಶದಲ್ಲಿ ಕಾರ್ಖಾನೆಗಳು ಬರುವ ಮುಂಚೆ ರಾಗಿ ಬೆಳೆಯುತ್ತಿದ್ದ ಮನೆತನ ಜಯಮ್ಮನವರದು. ಈಗ ಅದೇ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಮೊದಲ ದಿನವೇ ಅವರು ಥೋಕೊಳನ್ನು ತೋಕಮ್ಮ ಮಾಡಿ, ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿಸಹೊರಟರು. ಅವಳು ನಕ್ಕಳು. ಅವರ ಊರಿನಲ್ಲೂ ಜೋಳದ ಹಿಟ್ಟಿನ ಮುದ್ದೆಯೇ ಊಟವಂತೆ.

ಥೋಕೊಳ ತೊಂದರೆ ಇಷ್ಟು. ನಮ್ಮ ದೇಶದಿಂದ ನೆರವಿನಲ್ಲಿ ಹೋದ ಪಂಪುಗಳು ಬಹಳ ಒಳ್ಳೆಯವು. ಆದರೆ ಅವುಗಳ ಜೊತೆಗೆ ಬರುವುದು ಒಂದು ವರ್ಷಕ್ಕಾಗುವಷ್ಟು ಬಿಡಿಭಾಗ ಮಾತ್ರ. ನಿಯಮದಲ್ಲಿ ಹಾಗಿದೆ. ಅವಳ ಕಡೆ ನೀರಿನಲ್ಲಿ ಮರಳು ಜಾಸ್ತಿ, ವಾಷರ್ ಬೇಗ ಸವೆಯುತ್ತದೆ. ಎರಡನೇ ವರ್ಷದಿಂದ ಊರಿನ ಹೆಂಗಸರು ಪಂಪನ್ನು ದಾಟಿಕೊಂಡು ಹೊಳೆಗೆ ನಡೆಯುತ್ತಾರೆ. "ಪಂಪು ಉದ್ಘಾಟನೆಗೆ ಎಲ್ಲರೂ ಬರುತ್ತಾರೆ ಸುಮಾ, ವಾಷರ್ ಉದ್ಘಾಟನೆಗೆ ಯಾರು ಬರುತ್ತಾರೆ?" ಎಂದಳು ಇಂಗ್ಲಿಷಿನಲ್ಲಿ. ನಾನು ದಿನವೂ ಕೈಯಲ್ಲಿ ಹಿಡಿದು, ಅಳೆದು, ಪಾಸು ಮಾಡಿ ಕಳಿಸುವ ವಸ್ತುವಿಲ್ಲದೆ ಯಾರೋ ಹೊಳೆಗೆ ನಡೆಯುತ್ತಿದ್ದಾರೆ ಎಂಬುದು ನನಗೆ ತೀರಾ ಸ್ವಂತದ ಅವಮಾನವೆನಿಸಿತು. "ನೀನು ವಾಪಸು ಹೋಗುವ ಮುಂಚೆ ಈ ಒಂದು ಎನ್ನುವುದನ್ನು ಐದು ಮಾಡಿಸುತ್ತೇನೆ" ಎಂದು ಮಾತು ಕೊಟ್ಟೆ. ಅವಳು ನನ್ನನ್ನು ಬಹಳ ಕನಿಕರದಿಂದ ನೋಡಿದಳು. ಅದು ಕೃತಜ್ಞತೆ ಎಂದು ಆಗ ಬರೆದುಕೊಂಡಿದ್ದೇನೆ.

ಶನಿವಾರ ಸಂಜೆ, ಕಾಫಿ ಕುಡಿದು, ಸರ್ಕಾರದ ದೂರು ಮತ್ತು ಸಲಹೆಗಳ ಜಾಲತಾಣ ತೆರೆದೆ. ವಿಷಯ ಯಾವುದೆಂದು ಆರಿಸಬೇಕಿತ್ತು. ಪಿಂಚಣಿ ಇತ್ತು, ಪಾಸ್‌ಪೋರ್ಟ್ ಇತ್ತು, ಬೀದಿನಾಯಿ ಇತ್ತು. ಬೇರೆ ದೇಶಗಳ ಅಭಿವೃದ್ಧಿಗೆ ನಾವು ಮಾಡುವ ಸಹಾಯದ ಬಗ್ಗೆ ಒಬ್ಬ ಪ್ರಜೆಗೆ ಅಭಿಪ್ರಾಯ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಹತ್ತಿರದ್ದೆಂದು ಕುಡಿಯುವ ನೀರು, ಅದರಲ್ಲಿ ಕೈಪಂಪು ಎಂದು ಆರಿಸಿದೆ. ಮುಂದೆ ರಾಜ್ಯ, ಜಿಲ್ಲೆ, ವಾರ್ಡ್ ಕೇಳಿತು. ಮಲಾವಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಪ್ರಾಮಾಣಿಕಳಾದ ನಾನು ನಮ್ಮ ವಾರ್ಡನ್ನೇ ಆರಿಸಿ, ಸ್ಥಳದ ವಿವರ ಎಂಬಲ್ಲಿ ಮಲಾವಿ ಎಂದೂ, ಫಲಾನುಭವಿಗಳು ಎಂಬಲ್ಲಿ ಮಲಾವಿಯ ಗ್ರಾಮಸ್ಥರು ಎಂದೂ ಬರೆದೆ. ಸಮಸ್ಯೆ: ಕೈಪಂಪುಗಳು ವಾಷರ್ ಇಲ್ಲದೆ ನಿಂತಿವೆ. ಪರಿಹಾರ: ಬಿಡಿಭಾಗದ ಅವಧಿಯನ್ನು ಒಂದರಿಂದ ಐದು ವರ್ಷಕ್ಕೆ ಏರಿಸುವುದು. ಕಳುಹಿಸಿ ಎಂಬುದನ್ನು ಒತ್ತಿದ ಮೇಲೆ ಮನಸ್ಸು ಎಷ್ಟು ಹಗುರವಾಯಿತೆಂದರೆ, ದಿನಚರಿಯಲ್ಲಿ 'ಮುಗಿಯಿತು' ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದುಬಿಟ್ಟೆ.

ಮಂಗಳವಾರ ಕಾರ್ಖಾನೆಯಲ್ಲಿದ್ದಾಗ ಫೋನು ಬಂತು. ವಾರ್ಡ್ ಕಚೇರಿಯ ನೀರಿನ ಇಂಜಿನಿಯರು.

"ಮೇಡಂ, ಕಂಪ್ಲೇಂಟ್ ಹಾಕಿದ್ರಲ್ಲ, ಆ ಮಲಾವಿ ಎಲ್ಲಿ ಬರುತ್ತೆ? ನೆಲಗದರನಹಳ್ಳಿಯಿಂದ ಮುಂದೇನಾ?"

"ಇಲ್ಲ ಸಾರ್, ತುಂಬಾ ಮುಂದೆ."

"ಹೊಸ ಲೇಔಟಾ?"

"ದೇಶ ಸಾರ್. ಆಫ್ರಿಕಾದಲ್ಲಿದೆ."

ಆ ಕಡೆ ಅವರು ಸ್ಕೂಟರನ್ನು ಬದಿಗೆ ನಿಲ್ಲಿಸಿದ ಸದ್ದು ಕೇಳಿಸಿತು. "ಮೇಡಂ, ತಮಾಷೆ ಮಾಡ್ಬೇಡಿ. ನಂಗೆ ಶುಕ್ರವಾರದೊಳಗೆ ಕ್ಲೋಸ್ ಮಾಡ್ಬೇಕು. ಮೇಲಿಂದ ಬಂದಿದೆ, ಕೆಂಪು ಬಣ್ಣದಲ್ಲಿ ತೋರಿಸ್ತಿದೆ. ಯಾವ್ದಾದ್ರೂ ಲ್ಯಾಂಡ್‌ಮಾರ್ಕ್ ಹೇಳಿ."

ನಾನು ಮೊದಲಿನಿಂದ ವಿವರಿಸಿದೆ. ನೆರವಿನ ನೀತಿ, ಬಿಡಿಭಾಗ, ಮರಳು, ಎಲ್ಲವನ್ನೂ. ಅವರು ತಾಳ್ಮೆಯಿಂದ ಕೇಳಿ, "ಅಂದ್ರೆ ಕೈಪಂಪು ಕೆಟ್ಟಿದೆ. ವಾಷರ್ ಹಾಕ್ಬೇಕು. ಅಷ್ಟೇ ತಾನೇ?" ಎಂದರು. ಇಡೀ ಪ್ರಕರಣದಲ್ಲಿ ನನ್ನ ಮಾತನ್ನು ಅಷ್ಟು ಚೊಕ್ಕವಾಗಿ ಅರ್ಥ ಮಾಡಿಕೊಂಡವರು ಅವರೊಬ್ಬರೇ. ಆದ್ದರಿಂದ "ಹೌದು ಸಾರ್" ಎಂದೆ.

ಗುರುವಾರ ಸಂಜೆ ಮನೆಗೆ ಬಂದರೆ ಬೀದಿಯಲ್ಲಿ ಜಾತ್ರೆ. ಜಯಮ್ಮನವರ ಮನೆಯ ಮುಂದೆ ಒಂದು ಹಳೆಯ ಕೈಪಂಪಿದೆ. ಅದು ಪಂಪೆಂಬುದನ್ನು ಬೀದಿಯವರೆಲ್ಲ ಮರೆತು, ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ಅದಕ್ಕೆ ಕಟ್ಟಿಕೊಂಡಿದ್ದರು. ಈಗ ಇಂಜಿನಿಯರ ಇಬ್ಬರು ಕೆಲಸಗಾರರು ಸೀರೆಗಳನ್ನು ಬಿಚ್ಚಿಟ್ಟು, ಪಂಪಿನ ತಲೆ ತೆಗೆದು, ಕೊಳವೆ ಎತ್ತಿ, ಹೊಸ ವಾಷರ್ ಹಾಕಿ ಮತ್ತೆ ಇಳಿಸಿದ್ದರು. ಥೋಕೊ ಸ್ಪ್ಯಾನರ್ ಹಿಡಿದು ಅವರ ನಡುವೆಯೇ ನಿಂತಿದ್ದಳು. ಜಯಮ್ಮ ಹಿಡಿ ಒತ್ತಿದರು. ಮೊದಲು ಕೆಮ್ಮು ಬಂತು, ಆಮೇಲೆ ಟೀ ಬಣ್ಣದ ನೀರು, ಆಮೇಲೆ ಒಳ್ಳೆಯ ನೀರು. "ಅಯ್ಯೋ ನಮ್ಮವ್ವ, ಬಂತಲ್ಲೇ!" ಎಂದು ಜಯಮ್ಮ ಕೂಗಿದ ಕೂಗಿಗೆ ಹಿಂದಿನ ಬೀದಿಯವರೂ ಬಿಂದಿಗೆ ಹಿಡಿದು ಬಂದರು. ಇಂಜಿನಿಯರಿಗೆ ಫೋಟೊ ಬೇಕಿತ್ತು. ಫಲಾನುಭವಿ ನೀರು ಕುಡಿಯುತ್ತಿರುವ ಫೋಟೊ ಹಾಕದೆ ದೂರು ಮುಚ್ಚುವ ಹಾಗಿಲ್ಲವಂತೆ. ಜಯಮ್ಮ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು. ಆದರೆ ಇಂಜಿನಿಯರು ಫೋನಿನಲ್ಲಿ ನನ್ನ ದೂರನ್ನು ಓದಿಕೊಂಡು, ಸುತ್ತ ನೋಡಿ, ಥೋಕೊಳ ಹತ್ತಿರ ನಿಂತರು. "ಮೇಡಂ, ಯು ಫ್ರಂ?"

"ಮಲಾವಿ."

ಇಂಜಿನಿಯರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಮರೆಯಲಾರೆ. ಶುಕ್ರವಾರ ಬೆಳಿಗ್ಗೆ ನನಗೆ ಸಂದೇಶ ಬಂತು: 'ಮಲಾವಿಯ ಫಲಾನುಭವಿಗೆ ಕೈಪಂಪಿನಿಂದ ನೀರು ಒದಗಿಸಲಾಗಿದೆ. ನಿಮ್ಮ ಸಮಸ್ಯೆ ಬಗೆಹರಿದಿದೆ.' ಜೊತೆಗೆ ಫೋಟೊ. ಪೀಣ್ಯದ ಪಂಪಿಗೆ ಬೊಗಸೆ ಒಡ್ಡಿ ನಗುತ್ತಿರುವ ಥೋಕೊ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನು ಎಷ್ಟೋ ಸಲ ಓದಿದೆ, ಎಲ್ಲಿ ಆಕ್ಷೇಪಣೆ ಎತ್ತಬೇಕೆಂದೇ ತಿಳಿಯಲಿಲ್ಲ.

ಅಂದು ಮಧ್ಯಾಹ್ನವೇ ಧ್ವನಿಮುದ್ರಿತ ಕರೆ ಬಂತು. ಸಮಸ್ಯೆ ಬಗೆಹರಿದಿದ್ದರೆ ಒಂದನ್ನು ಒತ್ತಿ, ಇಲ್ಲವಾದರೆ ಎರಡನ್ನು ಒತ್ತಿ. ನಾನು ಸತ್ಯಕ್ಕೆ ಕಟ್ಟುಬಿದ್ದು ಎರಡು ಒತ್ತಿದೆ. ಅರ್ಧ ಗಂಟೆಯಲ್ಲಿ ಇಂಜಿನಿಯರ ಫೋನು. "ಏನ್ ಮೇಡಂ, ಎರಡು ಒತ್ಬಿಟ್ರಂತೆ? ನಾನೇನ್ ಅನ್ಯಾಯ ಮಾಡ್ದೆ ಹೇಳಿ? ನೀರು ಬರ್ತಿಲ್ವಾ?"

"ಬರ್ತಿದೆ ಸಾರ್. ಆದ್ರೆ ಇಲ್ಲಿ ಬರ್ತಿದೆ."

"ಇಲ್ಲಿ ಬಂದ್ರೆ ತಪ್ಪಾ ಮೇಡಂ?"

ಬೀದಿಯಲ್ಲಿ ಸುದ್ದಿ ಹಬ್ಬಿತು. ಸಂಜೆ ಜಯಮ್ಮ ನಮ್ಮ ಮನೆಯ ಬಾಗಿಲಲ್ಲೇ ನಿಂತಿದ್ದರು. "ಅಲ್ಲ ಕಣವ್ವ, ನೀರು ಬಂದೈತೆ ಅಂತ ನಾನು ಪಂಪಿಗೆ ಅರಿಸಿನ ಕುಂಕುಮ ಇಟ್ಟಿವ್ನಿ, ನೀನು ಇಂಗೆ ಎಲ್ಡು ಒತ್ತೀಯಲ್ಲ! ಅವರು ಬಂದು ಕಿತ್ಕೊಂಡು ಓದ್ರೆ?" ನಾನು ಇದು ಮಲಾವಿಯ ವಿಷಯ, ನೀತಿಯ ವಿಷಯ ಎಂದೆ. "ಅದ್ಯಾವ ನೀತಿನವ್ವ, ತೋಕಮ್ಮನೇ ಕುಡೀಲಿಲ್ವಾ?" ಎಂದರು. ಥೋಕೊ ಅವರ ಹಿಂದೆ ನಿಂತು ನಗು ತಡೆಯಲು ಒದ್ದಾಡುತ್ತಿದ್ದಳು. ಭಾಷೆ ಬಾರದಿದ್ದರೂ ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಅವರ ಊರಿನಲ್ಲೂ ಹೀಗೆಯೇ ಅಂತೆ.

ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ ಅಪ್ಪ ಈಗ ಪೇಪರು ಮಡಚಿಟ್ಟರು. ಅವರು ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಯೂನಿಯನ್ನಿನಲ್ಲಿ ಅರ್ಜಿ ಬರೆಯುವುದಕ್ಕೆ ಹೆಸರಾದವರು. "ಫೋನಲ್ಲಿ ಒತ್ತಿದ್ರೆ ದೇಶ ನಡಿಯುತ್ತೇನೆ? ಪೇಪರಲ್ಲಿ ಬರೀಬೇಕು. ಕೆಳಗಡೆ ಪ್ರತಿ ಅಂತ ಹಾಕಿ ಇನ್ನೊಂದಷ್ಟು ಜನಕ್ಕೆ ಕಳಿಸ್ಬೇಕು. ಪ್ರತಿ ನೋಡಿದ ತಕ್ಷಣ ಆಫೀಸರ್‌ಗೆ ಬೇರೆಯವರಿಗೂ ಗೊತ್ತಾಯ್ತಲ್ಲ ಅಂತ ಭಯ ಹತ್ತುತ್ತೆ" ಎಂದರು. ಅಪ್ಪನ ಸಿದ್ಧಾಂತದಂತೆ ಬರೆದಾಗ ನನ್ನ ಅರ್ಜಿ ಐದು ಸಾಲಿನದಾಯಿತು, ಪ್ರತಿಗಳ ಪಟ್ಟಿ ಒಂದೂವರೆ ಪುಟದ್ದಾಯಿತು. ದೆಹಲಿಯ ಇಲಾಖೆಯಿಂದ ಶುರುವಾಗಿ, ಅಪ್ಪನ ಹಳೆಯ ಯೂನಿಯನ್ ಕಾರ್ಯದರ್ಶಿಯವರೆಗೆ ಅದು ಇಳಿಯಿತು. ಅವರು ಈಗ ಮೊಮ್ಮಗನ ಜೊತೆ ಮೈಸೂರಿನಲ್ಲಿದ್ದಾರೆ. "ಇರ್ಲಿ, ಖುಷಿ ಪಡ್ತಾನೆ" ಎಂದರು ಅಪ್ಪ.

ಒಂದು ಪ್ರತಿಯನ್ನು ಸಂಸದರ ಕಚೇರಿಗೆ ಕೈಯಾರೆ ಕೊಡಬೇಕೆಂಬುದೂ ಅಪ್ಪನದೇ ಸಲಹೆ. ಭಾನುವಾರ ಅವರೇ ಇಸ್ತ್ರಿ ಅಂಗಿ ಹಾಕಿಕೊಂಡು ಜೊತೆಗೆ ಬಂದರು. ಅಲ್ಲಿನ ಆಪ್ತ ಸಹಾಯಕರು ನನ್ನ ಅರ್ಜಿಯನ್ನು ಎರಡು ಸಲ ಓದಿ, ಹಿಂದುಗಡೆ ಏನಾದರೂ ಬರೆದಿದೆಯೇ ಎಂದು ತಿರುಗಿಸಿಯೂ ನೋಡಿದರು. "ಮೇಡಂ, ಇದರಲ್ಲಿ ನಿಮಗೇನು ಆಗ್ಬೇಕು?"

"ನನಗೇನೂ ಬೇಡ ಸಾರ್. ಮಲಾವಿಗೆ."

"ಅಲ್ಲ, ನಿಮಗೆ? ಸೀಟು? ಟ್ರಾನ್ಸ್‌ಫರ್ರು? ಆಸ್ಪತ್ರೆ?"

"ಏನೂ ಬೇಡ ಸಾರ್."

ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ತನಗೇನೂ ಬೇಡವೆಂದು ಬರುವವರನ್ನು ಸಂಭಾಳಿಸುವ ಪದ್ಧತಿ ಅಲ್ಲಿರಲಿಲ್ಲ. ಮನುಷ್ಯ ಒಳ್ಳೆಯವರು, ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. "ಸಾಹೇಬರು ಬಂದಾಗ ಗಮನಕ್ಕೆ ತರ್ತೀನಿ. ಅಲ್ಲಿವರೆಗೂ ತಿರುಪತಿ ದರ್ಶನಕ್ಕೆ ಲೆಟರ್ ಕೊಡ್ಲಾ?" ಎಂದರು. ನಾನು ಬೇಡವೆನ್ನುವಷ್ಟರಲ್ಲಿ ಅಪ್ಪ ನಮ್ಮ ಮೂವರ ಹೆಸರು, ವಯಸ್ಸು ಹೇಳಿ ಮುಗಿಸಿದ್ದರು. ಹೊರಗೆ ಬಂದು ಮೆಟ್ರೊ ಹತ್ತಿದ ಮೇಲೆ, "ನೋಡ್ದಾ, ಪೇಪರಲ್ಲಿ ಬರೆದ್ರೆ ಕೆಲಸ ಆಗುತ್ತೆ" ಎಂದರು. ಅವರು ಗಂಭೀರವಾಗಿಯೇ ಹೇಳಿದ್ದು.

ಈ ಅವಧಿಯಲ್ಲಿ ನಾನು ಮಾತನಾಡಿಸಿದ ಕಚೇರಿಗಳ ಉತ್ತರಗಳನ್ನೆಲ್ಲ ಗೀಟು ಹಾಕಿ ವಿಂಗಡಿಸಿದ್ದೇನೆ. 'ನೋಡೋಣ' ಎಂಬುದಕ್ಕೆ ಅತಿ ಹೆಚ್ಚು ಗೀಟು, 'ಇದು ನಮಗೆ ಬರಲ್ಲ' ಎರಡನೆಯದು. 'ಯಾರಮ್ಮಾ ನೀನು?' ಎಂಬುದು ಮೂರನೆಯದು. ಯಾರೂ ನನ್ನನ್ನು ಬೈಯಲಿಲ್ಲ, ಲಂಚ ಕೇಳಲಿಲ್ಲ. ಬೈದಿದ್ದರೆ ಸಿಟ್ಟಾದರೂ ಆಗಬಹುದಿತ್ತು. ಎಲ್ಲರೂ ಒಳ್ಳೆಯವರು, ಎಲ್ಲರಿಗೂ ಪಂಪು ಇಷ್ಟ, ಆದರೆ ಆ ಒಂದು ಎಂಬ ಅಂಕಿ ಯಾರ ಮೇಜಿನ ಮೇಲಿದೆಯೆಂದು ಯಾರಿಗೂ ಗೊತ್ತಿಲ್ಲ. ಬೀದಿಯ ದೀಪ ಕೆಟ್ಟರೆ ಯಾರನ್ನು ಹಿಡಿಯಬೇಕೆಂದು ಪೀಣ್ಯದ ಮಗುವಿಗೂ ಗೊತ್ತು. ನಮ್ಮ ಹೆಸರಿನಲ್ಲಿ ಸಮುದ್ರದಾಚೆಗೆ ಹೋಗುವ ವಸ್ತು ಅಲ್ಲಿ ಕೆಟ್ಟು ನಿಂತರೆ ಯಾರನ್ನು ಹಿಡಿಯಬೇಕು? ಹಿಡಿದು ಕೇಳಬೇಕಾದವರು ಹೊಳೆಯ ದಾರಿಯಲ್ಲಿದ್ದಾರೆ, ಅವರಿಗೆ ಇಲ್ಲಿ ವೋಟಿಲ್ಲ. ವೋಟಿರುವ ನಮಗೆ ನೀರು ಬರುತ್ತಿದೆ.

ಕೊನೆಗೂ ದೆಹಲಿಯಿಂದ ಉತ್ತರ ಬಂತು. ಥೋಕೊ ಹೊರಡಲು ಒಂದು ವಾರ ಉಳಿದಿತ್ತು. ದಪ್ಪ ಲಕೋಟೆ, ಗುಂಡು ಮುದ್ರೆ. ಅಪ್ಪ ಕೈತೊಳೆದುಕೊಂಡು ಬಂದು ಒಡೆದರು. ನಿಮ್ಮ ಸಲಹೆಯನ್ನು ಗಮನಿಸಲಾಗಿದೆ, ನಿಯಮದಲ್ಲಿ ಸದ್ಯಕ್ಕೆ ಬದಲಾವಣೆಯಿಲ್ಲ, ಹೆಚ್ಚುವರಿ ಬಿಡಿಭಾಗಗಳಿಗೆ ನೇರವಾಗಿ ತಯಾರಕರನ್ನು ಸಂಪರ್ಕಿಸುವುದು. ಜೊತೆಗೆ ತಯಾರಕರ ಪಟ್ಟಿ ಲಗತ್ತಿಸಿದ್ದರು. ಎರಡನೆಯ ಹೆಸರು ನಮ್ಮ ಕಾರ್ಖಾನೆಯದು.

ಮರುದಿನ ಬೆಳಿಗ್ಗೆ ಥೋಕೊ ಆ ಪತ್ರದ ಜೆರಾಕ್ಸ್ ಹಿಡಿದು ನನ್ನ ತಪಾಸಣೆಯ ಮೇಜಿನ ಮುಂದೆ ನಿಂತಳು. "ನಮಸ್ಕಾರ ತಯಾರಕರೇ, ಸಂಪರ್ಕಿಸುತ್ತಿದ್ದೇನೆ" ಎಂದು ನಕ್ಕಳು. ನನ್ನ ಪಕ್ಕದಲ್ಲಿ ಕೆಂಪು ಡಬ್ಬ ಇತ್ತು. ಪಾಸಾಗದ ಮಾಲನ್ನು ನಾವು ಅದಕ್ಕೆ ಹಾಕುತ್ತೇವೆ. ಅದು ಮತ್ತೆ ಒಳ್ಳೆಯ ಮಾಲಿನೊಳಗೆ ಸೇರಿಕೊಳ್ಳಬಾರದೆಂದು ಸಂಜೆ ಎಲ್ಲವನ್ನೂ ಎರಡೆರಡು ತುಂಡಾಗಿ ಕತ್ತರಿಸುವುದು ಪದ್ಧತಿ. ಅಂದು ಡಬ್ಬ ತುಂಬಿತ್ತು. ಅಚ್ಚು ಸವೆದು, ವಾಷರ್‌ಗಳ ಮೇಲಿನ ತಯಾರಿಕೆಯ ಗುರುತು ಮಸುಕಾಗಿ ಬಂದಿತ್ತು. ಥೋಕೊ ಒಂದನ್ನು ಎತ್ತಿ, ಬಗ್ಗಿಸಿ, ಎಳೆದು ನೋಡಿದಳು.

"ರಬ್ಬರ್ ಚೆನ್ನಾಗಿದೆಯಲ್ಲ?"

"ಚೆನ್ನಾಗಿದೆ. ಗುರುತು ಓದಲು ಬರುವುದಿಲ್ಲ."

"ಕೊಳವೆಯ ಆಳದಲ್ಲಿ ಕೂತ ಮೇಲೆ ಅದನ್ನು ಯಾರು ಓದುತ್ತಾರೆ?"

"ಯಾರೂ ಓದುವುದಿಲ್ಲ. ಆದರೆ ನಿಯಮದಲ್ಲಿದೆ."

"ನನಗೆ ಕೊಡು."

"ಹಾಗೆಲ್ಲ ಕೊಡಲು ಬರುವುದಿಲ್ಲ ಥೋಕೊ. ನೀನು ಒಂದು ಅರ್ಜಿ ಬರೆದು ಕೊಡು, ಪರಿಶೀಲಿಸುತ್ತೇವೆ."

ಅವಳು ನನ್ನನ್ನೇ ನೋಡಿದಳು. ನಾನು ಕತ್ತರಿ ಯಂತ್ರವನ್ನು ನೋಡಿದೆ. ಆಮೇಲೆ ಅವಳು ಜಯಮ್ಮನ ಮನೆಯಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದೇ ಮಾತು ಜೋಡಿಸಿ, "ಸುಮಾ ಮೇಡಂ, ಪ್ರತಿ ಯಾರಿಗೆ ಆಕ್ಬೇಕು?" ಎಂದು ಕೇಳಿದಳು.

ನಮ್ಮ ಕಾರ್ಖಾನೆಯ ಯಜಮಾನರು ರುದ್ರಪ್ಪನವರು ಅಷ್ಟರಲ್ಲಿ ಚಹಾ ಲೋಟ ಹಿಡಿದು ಅತ್ತ ಬಂದರು. ವಿಷಯ ತಿಳಿದು, "ಕೊಟ್ಕಳ್ಸಮ್ಮ ಅತ್ಲಾಗೆ! ಕತ್ತರಿಸಿ ಎಸೆಯೋದು ತಾನೇ?" ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಸಾರ್, ನೀವು ಅದನ್ನು ಬರೆದು ಕೊಟ್ಟರೆ..." ಎಂದುಬಿಟ್ಟೆ. ಯಜಮಾನರು ಥೋಕೊಳ ಕಡೆ ತಿರುಗಿ, "ದೆಹಲಿಯವರು ಎಷ್ಟೋ ಮೇಲು ಕಣಮ್ಮ, ಅವರು ದೂರದಲ್ಲಿದ್ದಾರೆ" ಎಂದರು. ಅವಳಿಗೆ ಅರ್ಥವಾಗಲಿಲ್ಲ, ಆದರೆ ನಗಬೇಕಾದ ಮಾತೆಂದು ತಿಳಿದು ಜೋರಾಗಿ ನಕ್ಕಳು. ಯಜಮಾನರು ಚಹಾ ಲೋಟದ ಕೆಳಗಿದ್ದ ಕಾಗದದ ತುಂಡಿನ ಮೇಲೆ 'ಕೊಡತಕ್ಕದ್ದು' ಎಂದು ಬರೆದು ಸಹಿ ಹಾಕಿದರು. ನಾನು ಅದರ ಮೇಲೆ ತಾರೀಕು ಹಾಕಿಸಿಕೊಂಡೆ. ಮುಂದಿನ ಎರಡು ದಿನ ಊಟದ ಬಿಡುವಿನಲ್ಲಿ ಅಷ್ಟೂ ವಾಷರ್‌ಗಳನ್ನು ಒಂದೊಂದಾಗಿ ಮತ್ತೆ ಅಳೆದು, ನಿಜವಾಗಿ ದೋಷವಿದ್ದವನ್ನು ತೆಗೆದು, ಉಳಿದವನ್ನು ಕಟ್ಟಿಕೊಟ್ಟೆ. ಅವಳ ಹಳ್ಳಿಗಳಿಗೆ ಹಲವು ವರ್ಷಕ್ಕೆ ಸಾಕು. ಜಯಮ್ಮ ಕೊಟ್ಟ ಉಪ್ಪಿನಕಾಯಿಗೂ ವಾಷರ್‌ಗೂ ಪೆಟ್ಟಿಗೆಯಲ್ಲಿ ಜಾಗ ಸಾಲದೆ, ಅವಳು ತನ್ನ ಬೂಟುಗಳನ್ನು ಇಲ್ಲೇ ಬಿಟ್ಟು ಚಪ್ಪಲಿಯಲ್ಲಿ ವಿಮಾನ ಹತ್ತಿದಳು.

ಹೋದ ತಿಂಗಳು ಅವಳಿಂದ ಫೋಟೊ ಬಂತು. ಪಂಪಿನ ಸುತ್ತ ಹೆಂಗಸರು, ತುಂಬಿ ಚೆಲ್ಲುತ್ತಿರುವ ಬಕೆಟ್ಟು, ಹಿಡಿಗೆ ನೇತುಬಿದ್ದ ಮಕ್ಕಳು. ಫೋಟೊದ ಬೆನ್ನಿಗೇ ಅವಳ ಜಿಲ್ಲೆಯ ಉಗ್ರಾಣದ ಅಧಿಕಾರಿಯಿಂದ ನಮ್ಮ ಕಾರ್ಖಾನೆಗೆ ಮಿಂಚಂಚೆ ಬಂತು. ತಯಾರಿಕೆಯ ಗುರುತು ಓದಲಾಗದ ವಾಷರ್‌ಗಳನ್ನು ದಾಸ್ತಾನಿಗೆ ಸೇರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲ, ಇವು ಎಲ್ಲಿಂದ ಬಂದವೆಂದು ವಿವರಣೆ ಬೇಕು ಎಂದು. "ಅವರಿಗೆ ಉತ್ತರಿಸಬೇಡ ಸುಮಾ, ವಾಷರ್‌ಗಳೆಲ್ಲ ಆಗಲೇ ಊರೂರಿಗೆ ಹಂಚಿಹೋಗಿವೆ" ಎಂದು ಥೋಕೊ ಬರೆದಳು. ಆದರೆ ನನಗೆ ಆ ಪತ್ರ ಓದಿ ಒಂದು ಬಗೆಯ ಸಂತೋಷವಾಯಿತು. ಎಷ್ಟು ಸ್ಪಷ್ಟವಾದ ಪ್ರಶ್ನೆಗಳು, ಎಷ್ಟು ಅಚ್ಚುಕಟ್ಟಾದ ಕ್ರಮಸಂಖ್ಯೆ! ಕೂತು ವಿವರವಾಗಿ ಉತ್ತರ ಬರೆದೆ. ಅವರು ಇನ್ನೂ ಮೂರು ಸಂದೇಹ ಕೇಳಿದರು. ಮೂರೂ ನ್ಯಾಯವಾದವು. ಈಗ ಪಂಪು ನಡೆಯುತ್ತಿದೆ, ನೀರು ಬರುತ್ತಿದೆ, ಥೋಕೊ ಇದನ್ನು ಮರೆತು ಮುಂದಿನ ಪಂಪುಗಳ ಕೆಲಸಕ್ಕೆ ಇಳಿದಿದ್ದಾಳೆ. ಈ ಸಮಸ್ಯೆ ಇನ್ನೂ ಬಗೆಹರಿದಿಲ್ಲ ಎಂದು ನಂಬಿರುವವರು ಎರಡು ಖಂಡಗಳಲ್ಲಿ ಇಬ್ಬರೇ, ಆ ಅಧಿಕಾರಿ ಮತ್ತು ನಾನು. ನಮ್ಮಿಬ್ಬರ ಪತ್ರವ್ಯವಹಾರ ಬಹಳ ಸೊಗಸಾಗಿ ನಡೆದಿದೆ.